ಸೋತ ದಿನ ಹೇಳು

ಪ್ಯಾಂಟಿನ ಎಡ ಸೊಂಟದ ಮೇಲೆ ಅಂಗೈ ಅಗಲದ ಹುಲ್ಲಿನ ಕಲೆ. ಒಲೀಟಾ ಅದಕ್ಕೆ ವಿನೆಗರ್ ಸವರಿದಳು, ಹಳದಿ ಸಾಬೂನು ತಿಕ್ಕಿದಳು, ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕೈ ಸೋತಳು. ಕೆಮ್ಮಣ್ಣಿನ ಕಲೆಗೆ ಅವಳ ಹತ್ತಿರ ಉಪಾಯವಿತ್ತು. ಹುಲ್ಲಿನ ಕಲೆ ಮಾತ್ರ ಕರೆಯದೆ ಬಂದ ನೆಂಟರ ಹಾಗೆ, ಒಂದು ಸಲ ಕೂತರೆ ಏಳುವ ಮಾತಿಲ್ಲ.

"ಈ ಹದಿನೇಳನೇ ನಂಬರಿನವನು ಚೆಂಡು ಹಿಡಿಯೋಕೆ ಬಂದಿದಾನೋ, ಮೈದಾನ ಗುಡಿಸೋಕೆ ಬಂದಿದಾನೋ!" ಎಂದು ಬಕೆಟ್ಟಿಗೇ ಬೈದಳು.

"ಎರಡಕ್ಕೂ ಸೇರಿಸಿ ಒಂದೇ ಸಂಬಳ ಕೊಡ್ತಾರೆ," ಅಂದಿತು ಬೇಲಿಯಾಚೆಯಿಂದ ಒಂದು ದನಿ.

ತಲೆ ಎತ್ತಿದರೆ, ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ ಒಬ್ಬ ಉದ್ದನೆಯ ಹುಡುಗ. ಮೂಗಿನ ತುಂಬ ಕಂದು ಚುಕ್ಕೆ, ಬಿಸಿಲಿಗೆ ಕೆಂಪಾದ ಕಿವಿ. ತನ್ನದೇ ಪ್ಯಾಂಟು ಪರರ ಮುಂದೆ ಹೀಗೆ ಅಂಗಾತ ಮಲಗಿರುವುದನ್ನು ಕಂಡು ಆ ಕಿವಿ ಇನ್ನಷ್ಟು ಕೆಂಪಾಯಿತು.

ಅದು ಸಾವಿರದ ಒಂಬೈನೂರ ಎಪ್ಪತ್ತೊಂದರ ಜೂನ್. ನಾರ್ತ್ ಕ್ಯಾರೊಲಿನಾದ ಆ ಊರಿನಲ್ಲಿ ಇದ್ದದ್ದು ಎರಡೇ: ಕಾಲುಚೀಲ ನೇಯುವ ಗಿರಣಿ, ಬೇಸ್‌ಬಾಲ್ ಮೈದಾನ. ಬೆಳಗಿನ ಪಾಳಿ ಮುಗಿಸಿ ಬಂದ ಮೇಲೆ ಒಲೀಟಾ ತನ್ನ ವರ್ಡಿ ಅತ್ತೆಯ ಜೊತೆ ಹಿತ್ತಿಲ ಜಗುಲಿಯಲ್ಲಿ ಇಡೀ ತಂಡದ ಬಟ್ಟೆ ಒಗೆಯುತ್ತಿದ್ದಳು. ತಾಯಿತಂದೆ ಇಲ್ಲದವಳನ್ನು ಸಾಕಿದವಳು ಆ ಅತ್ತೆ.

"ಹೆಸರೇನು?"

"ಲೈಲ್ ಹ್ಯಾಸ್ಕಿನ್ಸ್. ಕಾನ್ಸಾಸ್ ಕಡೆಯವನು. ಔಟ್‌ಫೀಲ್ಡ್‌ನಲ್ಲಿ ನಿಲ್ತೀನಿ."

"ನಿಲ್ತೀಯಾ? ಈ ಪ್ಯಾಂಟು ನೋಡಿದರೆ ಮಲಗ್ತೀಯ ಅನ್ಸುತ್ತೆ. ಡ್ರಾಫ್ಟಲ್ಲಿ ಎಷ್ಟನೇ ಸುತ್ತಿಗೆ ಆರಿಸಿದರು ನಿನ್ನ?"

ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಹೆಸರು ಕೂಗಿ ಹುಡುಗರನ್ನು ಆರಿಸಿಕೊಂಡು, ಪಳಗಲೆಂದು ಇಂಥ ಊರುಗಳಿಗೆ ಕಳಿಸುತ್ತಿದ್ದವು. ಹೊಸಬ ಬಂದರೆ ಊರಿನವರು ಮೊದಲು ಕೇಳುತ್ತಿದ್ದುದು ಇದನ್ನೇ, ಹೆಣ್ಣು ನೋಡಲು ಬಂದವನ ಮನೆತನ ಕೇಳಿದ ಹಾಗೆ.

"ಮೂವತ್ತೊಂದನೇ ಸುತ್ತು," ಅಂದ ಲೈಲ್, ದನಿ ತಗ್ಗಿಸಿ.

"ಅಷ್ಟು ಹೊತ್ತಿಗೆ ಉಳಿದವರೆಲ್ಲ ಊಟಕ್ಕೆ ಎದ್ದು ಹೋಗಿರ್ತಾರೆ!"

ಅವನು ನಕ್ಕ. ಮೊದಲು ಬಾಯಿ ನಕ್ಕಿತು, ಆಮೇಲೆ ಕಣ್ಣು. ಕಣ್ಣು ನಗಲು ತೆಗೆದುಕೊಂಡ ಆ ಒಂದು ಕ್ಷಣದಲ್ಲಿ ಒಲೀಟಾಳ ಕೈಯಿಂದ ಬ್ರಷ್ಷು ಜಾರಿ ನೀರಿಗೆ ಬಿತ್ತು.

"ಒಂದು ಮಾತು ಹೇಳಲಾ? ಕೋಪ ಮಾಡ್ಕೋಬಾರದು," ಅಂದಳು. "ಏಳು ವರ್ಷದಿಂದ ಈ ಬಟ್ಟೆ ಒಗೀತಿದೀನಿ. ಒಳ್ಳೇ ಔಟ್‌ಫೀಲ್ಡರಿನ ಪ್ಯಾಂಟಲ್ಲಿ ಹುಲ್ಲಿನ ಕಲೆ ಇರಲ್ಲ. ಬ್ಯಾಟಿಗೆ ಚೆಂಡು ತಾಗೋ ಹೊತ್ತಿಗೇ ಅವನು ಹೊರಟಿರ್ತಾನೆ. ನೀನು ಹೊರಡೋದು ತಡ. ತಡ ಆದ್ದರಿಂದ ಕೊನೆಗೆ ಹಾರಿ ಬೀಳ್ತೀಯ. ಜನ ಚಪ್ಪಾಳೆ ತಟ್ತಾರೆ, ನೀನು ಶೂರ ಅಂದ್ಕೋತೀಯ."

ಲೈಲನ ಮುಖ ಗಂಟಾಯಿತು. "ಒಗೆಯೋರ ಹತ್ತಿರ ಆಟ ಕಲೀಬೇಕಾ ನಾನು?" ಎಂದು ಟೋಪಿ ತಲೆಗಿಟ್ಟುಕೊಂಡು ಹೊರಟುಹೋದ.

ನಾಲ್ಕು ದಿನ ಆ ದಾರಿಯಲ್ಲಿ ಸುಳಿಯಲಿಲ್ಲ. ಆದರೆ ಪ್ಯಾಂಟು ಬಂತು. ಮೊದಲ ದಿನ ಕಲೆ ಅಂಗೈಯಗಲವೇ ಇತ್ತು. ಮರುದಿನ ಅದಕ್ಕಿಂತ ಚಿಕ್ಕದು. ಐದನೆಯ ದಿನ ಬರೀ ಧೂಳು. ಜೇಬಿನಲ್ಲಿ ಒಂದು ಚೀಟಿ: "ಇವತ್ತು ನಿನಗೆ ಕೆಲಸ ಇಲ್ಲ. ಐಸ್‌ಕ್ರೀಮಿಗೆ ಬರ್ತೀಯಾ?"

ವರ್ಡಿ ಅತ್ತೆ ಕನ್ನಡಕ ಏರಿಸಿ ಚೀಟಿ ಓದಿದಳು. "ಹೋಗಿ ಬಾ. ಆದರೆ ನೆನಪಿಟ್ಟುಕೋ, ಈ ಆಟಗಾರರು ಬಸ್ಸಿನ ಜನ ಕಣೇ. ಹತ್ತೋಕೆ ಅಂತಲೇ ಬಂದಿರ್ತಾರೆ."

ಆ ಬೇಸಿಗೆ ಐಸ್‌ಕ್ರೀಮಿನಲ್ಲಿ ಕರಗಿತು. ಚಳಿಗಾಲಕ್ಕೆ ಅವನು ಊರಿಗೆ ಹೋದ. ಮುಂದಿನ ಏಪ್ರಿಲ್‌ನಲ್ಲಿ ಜೊತೆಯ ಹುಡುಗರೆಲ್ಲ ಒಂದು ಮೆಟ್ಟಿಲು ಮೇಲಿನ ತಂಡಕ್ಕೆ ಹೋದರು. ಲೈಲ್ ಒಬ್ಬನೇ ಅದೇ ಸೂಟ್‌ಕೇಸು ಹಿಡಿದು ಮತ್ತೆ ಇದೇ ಊರಿನಲ್ಲಿ ಇಳಿದ.

"ಕಳಿಸಿದ ಸಾಮಾನು ವಾಪಸ್ ಬಂತಲ್ಲೇ!" ಅಂದಳು ಅತ್ತೆ.

"ಹಾಗನ್ನಬೇಡಿ ಅಮ್ಮಾ. ನಿಮ್ಮ ಮನೆಯ ಟೊಮೆಟೊ ಸ್ಯಾಂಡ್‌ವಿಚ್ ಮರೆಯೋಕಾಗದೆ ಬಂದೆ," ಅಂದ ಅವನು, ಕಣ್ಣು ಮಾತ್ರ ಒಲೀಟಾಳ ಮೇಲೆ.

ಓಡುವುದನ್ನು ಕಲಿತಿದ್ದ, ಹೊಡೆಯುವುದು ಇನ್ನೂ ಕೈಗೆ ಹತ್ತಿರಲಿಲ್ಲ. ಜೂನ್ ಬಂದಾಗ ಅದೂ ಹತ್ತಿತು. ಏನಾಯಿತೋ, ಪ್ರತಿ ಆಟದಲ್ಲೂ ಒಂದಾದರೂ ಹಿಟ್, ಅಂದರೆ ಯಾರ ಕೈಗೂ ಸಿಗದೆ ಅವನನ್ನು ಬೇಸ್ ಮುಟ್ಟಿಸುವ ಹೊಡೆತ. ಸತತ ಆರು ಆಟ.

ಏಳನೆಯ ಆಟದ ಭಾನುವಾರ, ಚರ್ಚು ಮುಗಿಸಿ ಇಬ್ಬರೂ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಲೈಲ್ ತನ್ನ ಬೂಟಿಗೆ ಹೇಳುವವನ ಹಾಗೆ ತಲೆ ತಗ್ಗಿಸಿ ಅಂದ: "ನನ್ನ ಮದುವೆ ಆಗ್ತೀಯಾ?"

ಒಲೀಟಾ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಅಂಗೈ ಬಂದು ಅವಳ ತುಟಿಗೆ ಅಡ್ಡ ನಿಂತಿತು. ತೊಗಲಿನ ವಾಸನೆ, ಬ್ಯಾಟಿನ ಹಿಡಿಗೆ ಹಚ್ಚುವ ಪೈನ್ ಅಂಟಿನ ವಾಸನೆ.

"ಈಗ ಬೇಡ. ಆರು ಆಟ ಆಗಿದೆ. ಏನೂ ಬದಲಾಗಬಾರದು. ಒಂದೂ ಹಿಟ್ ಸಿಗದೆ ನಾನು ಸೋತ ದಿನ ಹೇಳು. ಅವತ್ತು ನನಗೆ ಏನಾದರೂ ಒಂದು ಒಳ್ಳೇದು ಬೇಕಲ್ಲ!"

ಅವಳು ಆ ಅಂಗೈಯನ್ನು ಮೆಲ್ಲಗೆ ಕಚ್ಚಿ ಬಿಡಿಸಿಕೊಂಡಳು. "ಒಳ್ಳೇದೇ ಹೇಳ್ತೀನಿ ಅಂತ ನಿನಗೆ ಯಾರು ಹೇಳಿದರು?"

"ನಿನ್ನ ಕಣ್ಣು."

"ಹಾಗಾದರೆ ಇನ್ನು ಕಣ್ಣು ಮುಚ್ಚಿಕೊಂಡೇ ಓಡಾಡ್ತೀನಿ, ಬಿಡು."

ಬೇರೆ ಊರಿನವರಿಗೆ ಇದು ಹುಚ್ಚಾಟ ಅನಿಸಬಹುದು. ಬೇಸ್‌ಬಾಲ್ ಊರಿನಲ್ಲಿ ಹುಟ್ಟಿದವಳಿಗೆ ಹಾಗನಿಸಲಿಲ್ಲ. ಹೊಡೆಯುವವನ ಕೈ ನಡೆಯುತ್ತಿರುವಾಗ ಅವನ ಸುತ್ತ ಒಂದು ಕಡ್ಡಿಯೂ ಕದಲಬಾರದು. ಅದೇ ದಾರಿ, ಅದೇ ಕುರ್ಚಿ, ಅದೇ ತುತ್ತು. ಒಲೀಟಾ ದಿನವೂ ಮೂರು ಗಂಟೆಗೆ ಬೇಲಿಯ ಹತ್ತಿರ ನಿಂತು, ಓರೆಯಾಗಿ ಕತ್ತರಿಸಿದ ಟೊಮೆಟೊ ಸ್ಯಾಂಡ್‌ವಿಚ್ ಕೊಡುತ್ತಿದ್ದಳು. ಅವನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಒಳಂಗಿಯನ್ನು ಒಗೆಯಕೂಡದು ಎಂದು ಆಣೆ ಹಾಕಿಸಿಕೊಂಡಿದ್ದ.

"ಲೇ, ಇದನ್ನ ನೆಲದ ಮೇಲೆ ಇಟ್ಟರೆ ತಾನೇ ಎದ್ದು ನಿಲ್ಲುತ್ತೆ," ಎಂದು ವರ್ಡಿ ಅತ್ತೆ ಆ ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ತಂತಿಯ ತುದಿಗೆ ಹಾಕುತ್ತಿದ್ದಳು. "ಪ್ರೀತಿ ಕುರುಡು ಅಂತ ಕೇಳಿದ್ದೆ. ಮೂಗೂ ಇಲ್ಲ ಅಂತ ಈಗ ಗೊತ್ತಾಯ್ತು."

ಹತ್ತಾಯಿತು. ಹದಿನೈದಾಯಿತು. ಕ್ಷೌರದವನು ಅವನ ತಲೆಗೆ ಕತ್ತರಿ ಹಾಕಲು ಒಪ್ಪಲಿಲ್ಲ. ಪಾದ್ರಿಗಳು ಭಾನುವಾರದ ಪ್ರಾರ್ಥನೆಗೆ ಅದೇ ಟೈ ಕಟ್ಟಿಕೊಂಡು ಬಂದರು. ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಒಲೀಟಾ ಉಸಿರಿನ ಜೊತೆ ಒಂದು ಮಾತನ್ನೂ ಬಿಗಿಹಿಡಿದಿದ್ದಳು. ಒಂದಕ್ಷರದ "ಹೂಂ". ಮಗ್ಗದ ಮುಂದೆ ನಿಂತಾಗ ಅದು ನಾಲಗೆಯ ತುದಿಗೆ ಬಂದು ಕೂರುವುದು, ಬೇಲಿಯ ಹತ್ತಿರ ಅವನ ಕಿವಿ ಕಂಡಾಗ ಇನ್ನೇನು ಜಾರಿಯೇ ಬಿಡುವುದು. ಕಚ್ಚಿ ಹಿಡಿಯುತ್ತಿದ್ದಳು.

ಇಪ್ಪತ್ತೆರಡನೆಯ ಆಟದ ದಿನ, ತಟ್ಟೆ ತೊಳೆಯುತ್ತಾ, ಅವಳ ಮನಸ್ಸು ತನ್ನಷ್ಟಕ್ಕೆ ಅಂದಿತು: ಇವತ್ತು ಸೋಲಲಿ ದೇವರೇ. ಅಂದ ಕೂಡಲೇ ಬೆಚ್ಚಿಬಿದ್ದಳು. ಹತ್ತಿರ ಯಾರೂ ಇರಲಿಲ್ಲವಾದರೂ ಸೆರಗಿಲ್ಲದ ಹೆಗಲನ್ನು ಕೈಯಿಂದ ಮುಚ್ಚಿಕೊಂಡಳು.

ಅವನು ಸೋಲಲಿಲ್ಲ. ಇಪ್ಪತ್ತೇಳನೆಯ ಆಟದ ಮರುದಿನ ಮೇಲಿನ ತಂಡದಿಂದ ಕರೆ ಬಂತು. ಮಧ್ಯಾಹ್ನದ ಬಸ್ಸಿಗೇ ಹೊರಡಬೇಕು.

ಬಸ್ ನಿಲ್ದಾಣದಲ್ಲಿ ಒಲೀಟಾ ಅವನ ತೋಳು ಹಿಡಿದಳು. "ಈಗಲಾದರೂ ಹೇಳ್ತೀನಿ, ಕೇಳು."

"ಶ್!" ಅವನ ಕಣ್ಣಲ್ಲಿ ನಿಜವಾದ ಹೆದರಿಕೆ. "ಇನ್ನೂ ಸೋತಿಲ್ಲ ಕಣೆ ನಾನು. ಹೀಗೆ ಮಾಡು. ಬರೆದಿಡು. ಕಾಗದ ಬರೆದು ಸ್ಟಾಂಪ್ ಹಚ್ಚಿ ಇಟ್ಟಿರು. ಸೋತ ದಿನ ನಾನೇ ತಿಳಿಸ್ತೀನಿ, ಆಗ ಡಬ್ಬಿಗೆ ಹಾಕು."

ಬಸ್ಸು ಹೋಯಿತು. ಅವತ್ತೇ ಸಂಜೆ ಅವಳು ಕಾಗದ ಬರೆದಳು, ಮಡಿಸಿದಳು, ಎಂಟು ಸೆಂಟಿನ ಸ್ಟಾಂಪ್ ಹಚ್ಚಿದಳು.

ಹೊಸ ತಂಡದಲ್ಲಿ ಎರಡನೆಯ ದಿನವೇ ಅವನ ಕೈ ನಿಂತಿತು. ಪತ್ರಿಕೆಯ ಕೊನೆಯ ಪುಟದ ಇರುವೆಯಂಥ ಅಕ್ಷರಗಳಲ್ಲಿ ಒಲೀಟಾ ಅದನ್ನು ಓದಿದಳು: ಹ್ಯಾಸ್ಕಿನ್ಸ್, ನಾಲ್ಕು ಸಲ ಬ್ಯಾಟು ಹಿಡಿದ, ಹಿಟ್ ಸೊನ್ನೆ. ಕಾಗದ ತೆಗೆದುಕೊಂಡು ಅಂಚೆ ಡಬ್ಬಿಯವರೆಗೆ ಓಡಿದಳು. ಡಬ್ಬಿಯ ಬಾಯಿಯ ಹತ್ತಿರ ಕೈ ನಿಂತಿತು. ಅವನು ತಿಳಿಸುತ್ತೇನೆ ಅಂದಿದ್ದಾನಲ್ಲ. ನಾಳೆ ತಿಳಿಸಬಹುದು.

ತಿಳಿಸಲಿಲ್ಲ. ಮರುದಿನವೂ ಸೊನ್ನೆ. ಅದರ ಮರುದಿನವೂ. ಕೈ ಕೆಟ್ಟ ಆಟಗಾರ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಆ ದಿನಗಳಲ್ಲಿ ಮುಟ್ಟಿದ್ದನ್ನೆಲ್ಲ ಎಸೆಯುತ್ತಾನೆ. ಬ್ಯಾಟು, ಟೋಪಿ, ಕಾಲುಚೀಲ, ಕೆಲವೊಮ್ಮೆ ಗೆಳೆಯನನ್ನೂ. ಈ ದಿನಗಳಲ್ಲಿ ತನ್ನ ಕಾಗದ ತಲುಪಿದರೆ ತನ್ನ ಅಕ್ಷರ ಕಂಡಾಗೆಲ್ಲ ಅವನಿಗೆ ಈ ಸೊನ್ನೆಗಳೇ ನೆನಪಾಗುತ್ತವೆ. ಕೈ ಸರಿಯಾಗಲಿ, ಆಮೇಲೆ ಹಾಕೋಣ.

ಕೈ ಸರಿಯಾಯಿತು. ಸತತ ಎಂಟು ಆಟ. ಈಗ ಹೇಗೆ ಹಾಕುವುದು?

"ಗೆದ್ದರೆ ಬೇಡ, ಸೋತರೆ ಬೇಡ," ಅಂದಳು ವರ್ಡಿ ಅತ್ತೆ, ಬಟ್ಟೆ ಹಿಂಡುತ್ತಾ. "ಮತ್ತೆ ಯಾವತ್ತು ಹಾಕ್ತೀಯೇ? ಮಳೆ ಬಂದು ಆಟ ನಿಂತ ದಿನವಾ?"

"ನಿನಗೆ ಗೊತ್ತಾಗಲ್ಲ ಅತ್ತೆ."

"ಗೊತ್ತಾಗುತ್ತೆ ಕಣೇ, ಅದಕ್ಕೇ ಹೊಟ್ಟೆ ಉರಿಯೋದು. ತಾಳಿದವನು ಬಾಳಿಯಾನು ಅಂತ ಗಾದೆ ಕಟ್ಟಿದಾರೆ. ತಾಳಿದವಳು ಏನಾದಳು ಅಂತ ಯಾರೂ ಕಟ್ಟಲಿಲ್ಲ."

ಚಳಿಗಾಲ ಬಂದರೆ ಆಟವಿಲ್ಲ, ಆಗ ಹಾಕೋಣ ಎಂದುಕೊಂಡರೆ, ಅವನು ವೆನೆಜುವೆಲಾದಲ್ಲಿ ಚಳಿಗಾಲದ ಆಟಕ್ಕೆ ಹೋದ. ತೆಂಗಿನ ಮರದ ಚಿತ್ರದ ಒಂದು ಕಾರ್ಡು ಬಂತು: "ಇಲ್ಲೂ ಹೊಡೀತಿದೀನಿ. ಈಗ ಹೇಳಬೇಡ. ನಿನ್ನ ಲೈಲ್." ಆ "ನಿನ್ನ" ಅನ್ನುವ ಎರಡಕ್ಷರ ಅವಳನ್ನು ಒಂದು ವರ್ಷ ಸಾಕಿತು.

ಆ ವರ್ಷ ಗಿರಣಿಯ ಮಗ್ಗ ರಿಪೇರಿ ಮಾಡುವ ಹೋಬರ್ಟ್ ಅನ್ನುವವನು ಅವಳನ್ನು ಕೇಳಿದ. ಒಳ್ಳೆಯವನು. ಮೂರು ತಿಂಗಳು ವಾರವಾರವೂ ಜಗುಲಿಗೆ ಪೀಚ್ ಹಣ್ಣಿನ ಬುಟ್ಟಿ ತಂದಿಟ್ಟು ಹೋಗುತ್ತಿದ್ದ. "ನಾನು ಒಬ್ಬರಿಗೆ ಉತ್ತರ ಕೊಡೋದು ಬಾಕಿ ಇದೆ," ಅಂದಳು ಒಲೀಟಾ. ಹೋಬರ್ಟ್ ಟೋಪಿ ತಲೆಗಿಟ್ಟುಕೊಂಡ. "ಕೊಡೋಕೆ ಇಷ್ಟು ದಿನ ಬೇಕಾಗೋ ಉತ್ತರ ಅದೆಂಥದಪ್ಪ!" ಅಂದು ಬುಟ್ಟಿ ಅಲ್ಲೇ ಬಿಟ್ಟು ಹೋದ. ಮುಂದಿನ ವಸಂತದಲ್ಲಿ ಬೇರೆಯವಳನ್ನು ಮದುವೆಯಾದ.

ಲೈಲ್ ಮೆಟ್ಟಿಲು ಮೆಟ್ಟಿಲಾಗಿ ಏರಿದ. ಎಪ್ಪತ್ತನಾಲ್ಕರ ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಮೇಜರ್ ಲೀಗಿಗೆ ಕರೆ ಬಂತು. ಮೂವತ್ತೊಂದನೇ ಸುತ್ತಿನ ಹುಡುಗ! ಒಂದು ಶನಿವಾರ ಮಧ್ಯಾಹ್ನ ಅವನ ಆಟ ಟೀವಿಯಲ್ಲಿ ಬಂದಾಗ ಅರ್ಧ ಬೀದಿಯೇ ವರ್ಡಿ ಅತ್ತೆಯ ಕೋಣೆಯಲ್ಲಿತ್ತು. ಆಕಾಶಕ್ಕೆ ಹೊಡೆದ ಒಂದು ಚೆಂಡಿಗೆ ಲೈಲ್ ಬ್ಯಾಟಿನ ಸದ್ದು ಕೇಳುವ ಮೊದಲೇ ಓಡಿದ್ದ. ನಿಂತುಕೊಂಡೇ ಹಿಡಿದ, ಅಂಗಳದ ಮರದಿಂದ ಬೀಳುವ ಹಣ್ಣು ಹಿಡಿದ ಹಾಗೆ.

ಟೀವಿಯವನು ಕೇಳಿದ: ಇಷ್ಟು ಬೇಗ ಹೊರಡೋದು ಎಲ್ಲಿ ಕಲಿತಿರಿ?

"ಅದು ಹುಟ್ಟಿನಿಂದ ಬಂದದ್ದು ಅನ್ಸುತ್ತೆ," ಅಂದ ಲೈಲ್, ಅದೇ ನಗೆಯಲ್ಲಿ. ಬಾಯಿ ಮೊದಲು, ಕಣ್ಣು ಆಮೇಲೆ.

ಬೀದಿಯವರು ಚಪ್ಪಾಳೆ ತಟ್ಟಿದರು. ಒಲೀಟಾ ಎದ್ದು, ಎಲ್ಲರಿಗೂ ತಣ್ಣನೆಯ ಚಹಾ ತರಲು ಒಳಗೆ ಹೋದಳು. ಐಸಿನ ತಟ್ಟೆ ಬಡಿಯುವ ಸದ್ದು ಅಗತ್ಯಕ್ಕಿಂತ ಜೋರಾಗಿ ಕೇಳಿಸಿತು.

ಎಪ್ಪತ್ತಾರರ ಜೂನ್‌ನಲ್ಲಿ ಅವನ ತಂಡ ಅಟ್ಲಾಂಟಾಕ್ಕೆ ಬಂತು. ಬಸ್ಸಿನಲ್ಲಿ ಅರ್ಧ ಹಗಲಿನ ದಾರಿ.

"ಹೋಗು," ಅಂದಳು ವರ್ಡಿ ಅತ್ತೆ. "ಆ ಕಾಗದ ತಗೊಂಡು ಹೋಗಿ ಅವನ ಕೈಗೇ ಕೊಡು. ಹೂಂ ಆದರೂ ಸರಿ, ಊಹೂಂ ಆದರೂ ಸರಿ. ನಿನ್ನ ಬಾಯಲ್ಲಿರೋದನ್ನ ಉಗುಳಿ ಬಾ. ಮೂವತ್ತಾಗ್ತಾ ಬಂತು ನಿನಗೆ."

ಆಟಕ್ಕೆ ಮುಂಚಿನ ಅಭ್ಯಾಸ ನಡೆಯುತ್ತಿತ್ತು. ಒಲೀಟಾ ನೀಲಿ ಫ್ರಾಕು ಹಾಕಿಕೊಂಡು, ಕೈಚೀಲ ಎದೆಗವಚಿ, ಎಡಗಡೆಯ ಕಟಕಟೆಯ ಹತ್ತಿರ ನಿಂತಳು. ಹೆಸರು ಕೂಗಲಿಲ್ಲ. ಅವನೇ ತಿರುಗಿದ. ಹೆಗಲು ಅಗಲವಾಗಿತ್ತು, ಚುಕ್ಕೆಗಳು ಬಿಸಿಲಲ್ಲಿ ಮಾಸಿದ್ದವು. ಕಿವಿ ಮಾತ್ರ ಅದೇ.

"ಒಲೀಟಾ!" ಓಡಿ ಬಂದ. ಕಟಕಟೆಯ ಮೇಲಿದ್ದ ಅವಳ ಕೈ ಹಿಡಿದ. ನಾಲ್ಕು ವರ್ಷ ಅವಳು ಮನಸ್ಸಿನಲ್ಲಿ ಬರೆದುಕೊಂಡಿದ್ದ ಮಾತುಗಳೆಲ್ಲ ಆ ಬಿಸಿ ಅಂಗೈಯಲ್ಲಿ ಅಳಿಸಿಹೋದವು.

"ಚೆನ್ನಾಗಿದೀಯಾ? ತೆಳ್ಳಗಾಗಿದೀಯಲ್ಲ! ಮದುವೆ ಗಿದುವೆ?"

"ಇಲ್ಲ. ನಿನಗೆ?"

"ಎಲ್ಲಿ! ನೀನಿನ್ನೂ ಉತ್ತರ ಕೊಟ್ಟಿಲ್ಲವಲ್ಲ," ಅಂದು ಕಣ್ಣು ಮಿಟುಕಿಸಿದ. ಅದೇ ಚೇಷ್ಟೆ. ಅವಳ ಎದೆ ಒಮ್ಮೆ ಹಾರಿತು, ಅದನ್ನು ಮರೆಮಾಚಲು ಸಿಡುಕಿದಳು.

"ಸೋತ ದಿನ ತಿಳಿಸ್ತೀನಿ ಅಂದಿದ್ದೆ. ನೂರಾರು ದಿನ ಸೋತೆ. ನಾನು ಪತ್ರಿಕೆ ಓದ್ತೀನಿ ಮಾರಾಯ."

ಲೈಲ್ ಕೈಗವಸನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ಮೊದಲು ನಾಚಿಕೆ ಆಯ್ತು. ಸೋತೆ ಅಂತ ಹೇಗೆ ಬರೀಲಿ? ನೀನೇ ಓದಿ ಹಾಕ್ತೀಯ ಅಂದ್ಕೊಂಡೆ. ಆಮೇಲೆ... ನಿಜ ಹೇಳಲಾ? ಆಮೇಲೆ ಕೇಳೋಕೇ ಹೆದರಿಕೆ ಆಯ್ತು. ಬ್ಯಾಟು ಹಿಡಿದು ನಿಂತಾಗೆಲ್ಲ ಅಂದ್ಕೋತೀನಿ: ಅವಳ ಉತ್ತರ ಇನ್ನೂ ಬಂದಿಲ್ಲ, ಅಂದರೆ ಅದು ಇನ್ನೂ ನನ್ನದೇ. ಆ ಹೇಳದ ಮಾತೇ ನನ್ನ ಅದೃಷ್ಟ ಕಣೆ. ಅದೇ ನನ್ನ ಇಲ್ಲೀತನಕ ಹತ್ತಿಸಿದ್ದು."

ಒಲೀಟಾ ಕೈ ಎಳೆದುಕೊಂಡಳು.

"ಬ್ಯಾಟು ಮೂಲೆಗೆ ಒರಗಿಸಿಟ್ಟ ಹಾಗೆ ನನ್ನ ಒರಗಿಸಿಟ್ಟಿದ್ದೆಯಾ, ಲೈಲ್?"

"ಹಾಗಲ್ಲ..."

"ಇಲ್ಲಿದೆ ನೋಡು ಕಾಗದ." ಕೈಚೀಲ ತೆರೆದಳು. ಅಂಚು ಹಳದಿಯಾದ ಲಕೋಟೆ ಅರ್ಧ ಹೊರಗೆ ಬಂತು. "ತಗೋ. ಈಗಲೇ ಓದು, ನನ್ನ ಮುಂದೆ."

ಅವನ ಅಂಗೈ ಮೇಲಕ್ಕೆದ್ದಿತು. ತುಟಿಗಲ್ಲ, ಗಾಳಿಯಲ್ಲಿ, ಅವಳಿಗೂ ತನಗೂ ನಡುವೆ.

"ಈಗ ಬೇಡ ಒಲೀಟಾ. ಒಂಬತ್ತು ಆಟ ಆಗಿದೆ."

ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವಳು ಆ ಮುಖವನ್ನು ಹುಡುಕಿದಳು. ಬಾಯಿಯಲ್ಲಿ ನೋಡಿದಳು, ಕಣ್ಣಿನಲ್ಲಿ ನೋಡಿದಳು. ಎಲ್ಲೂ ಇರಲಿಲ್ಲ. ಅಲ್ಲಿದ್ದದ್ದು ಬಸ್ ನಿಲ್ದಾಣದ ಅದೇ ಹೆದರಿಕೆ. ಆ ಹೆದರಿಕೆಯನ್ನು ಅವಳು ಇಷ್ಟು ವರ್ಷ ಪ್ರೀತಿ ಅಂದುಕೊಂಡಿದ್ದಳು.

"ಸೀಸನ್ ಮುಗೀಲಿ," ಅಂದ ಅವನು, ಮೆತ್ತಗೆ, ಮಗುವಿಗೆ ಹೇಳುವ ಹಾಗೆ. "ಅಕ್ಟೋಬರಿಗೆ ನಾನೇ ಬರ್ತೀನಿ. ಅಲ್ಲೀತನಕ ಇಟ್ಟಿರು. ಇಟ್ಟಿರ್ತೀಯಲ್ಲ?"

ಮೈದಾನದಿಂದ ಯಾರೋ ಅವನ ಹೆಸರು ಕೂಗಿದರು. ಅವನು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ನಗುತ್ತಾ, ಕೈ ಬೀಸುತ್ತಾ ಹೋದ. ಹುಲ್ಲು ಎಷ್ಟು ಹಸಿರಾಗಿತ್ತೆಂದರೆ ಕಣ್ಣು ಉರಿಯುತ್ತಿತ್ತು.

ಒಲೀಟಾ ಆಟ ನೋಡಲಿಲ್ಲ. ಜನ ಒಳಗೆ ಬರುತ್ತಿದ್ದಾಗ ಅವಳೊಬ್ಬಳೇ ಎದುರು ದಿಕ್ಕಿನಲ್ಲಿ ಹೊರಗೆ ನಡೆದಳು.

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲಕೋಟೆ ತೊಡೆಯ ಮೇಲಿಟ್ಟುಕೊಂಡಳು. ಅಂಟು ಒಣಗಿ ತುದಿ ತಾನೇ ಬಿಟ್ಟುಕೊಂಡಿತ್ತು. ಬರೆದವಳು ಯಾರೋ ಎಂಬಂತೆ ತೆರೆದು ಓದಿದಳು:

"ಲೈಲ್, ಹೂಂ. ಇದನ್ನ ಓದ್ತಾ ಇದೀಯ ಅಂದರೆ ಇವತ್ತು ನಿನಗೆ ಒಂದೂ ಹಿಟ್ ಸಿಕ್ಕಿಲ್ಲ. ಬೇಜಾರು ಮಾಡ್ಕೋಬೇಡ. ನೀನು ಜೀವಮಾನ ಪೂರ್ತಿ ಸೊನ್ನೆ ಹೊಡೆದರೂ ನನಗೇನೂ ಇಲ್ಲ. ಮನೆಗೆ ಬಾ. ಹೂಂ, ಹೂಂ, ಹೂಂ. ಒಲೀಟಾ."

ಹೊರಗೆ ಪೀಚ್ ತೋಟಗಳು ಹಿಂದೆ ಓಡುತ್ತಿದ್ದವು. ಅವಳು ಅಳಲಿಲ್ಲ. ಆ ಹುಡುಗಿಯ ಮೇಲೆ, ಆ ಮೂರು ಹೂಂಗಳ ಮೇಲೆ, ಬಹಳ ಹೊತ್ತು ಮರುಕ ಬಂತು. ಆಮೇಲೆ ಪಕ್ಕದ ಸೀಟಿನ ಹೆಂಗಸಿನ ಹತ್ತಿರ ಪೆನ್ನು ಇಸಿದುಕೊಂಡು, ಬಸ್ಸು ಕುಲುಕುವುದನ್ನು ನೋಡಿಕೊಂಡು, ನಿಧಾನವಾಗಿ ಕೆಳಗೆ ಬರೆದಳು:

"ಇದು ನಾಲ್ಕು ವರ್ಷದ ಹಿಂದಿನ ಉತ್ತರ. ಆಗ ನಿಜವಾಗಿತ್ತು. ಈಗಿನ ಉತ್ತರ ಊಹೂಂ. ಅಕ್ಟೋಬರಿಗೆ ಬರಬೇಡ."

ಮರುದಿನ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ಅಂಚೆ ಕಚೇರಿಗೆ ಹೋದಳು. ಕಿಟಕಿಯ ಹಿಂದೆ ಕೂರುತ್ತಿದ್ದ ಮುದುಕ ಫೌಷೆ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವಳು ಹೊಸದಾಗಿ ಬರೆದಿದ್ದ ತಂಡದ ವಿಳಾಸ ಓದಿದ, ಹೆಸರು ಓದಿದ.

"ಈ ಸ್ಟಾಂಪು ಹಚ್ಚಿದ ಮೇಲೆ ದರ ಎರಡು ಸಲ ಏರಿದೆಯಲ್ಲ, ಮಗಳೇ. ಇನ್ನೂ ಐದು ಸೆಂಟ್ ಬೇಕು."

ಅವಳು ನಾಣ್ಯ ಇಟ್ಟಳು. ಫೌಷೆ ಹೊಸ ಸ್ಟಾಂಪ್ ಹಚ್ಚಿದ, ಬಿಟ್ಟುಕೊಂಡ ತುದಿಗೆ ಗೋಂದು ಸವರಿ ಹೆಬ್ಬೆರಳಿನಿಂದ ಒತ್ತಿದ. ಮೊಹರು ಕೈಗೆತ್ತಿಕೊಂಡು, ತಡೆದ. ಅವನೂ ಈ ಊರಿನವನೇ.

"ಹತ್ತಾಯ್ತಂತೆ ನಿನ್ನೆಗೆ. ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಕೇಳಲಿಲ್ಲವಾ?"

"ಇಲ್ಲ."

"ಇದು ಸೋಮವಾರ ತಲುಪುತ್ತೆ. ಅವತ್ತು ಅವರಿಗೆ ಆಟ ಇದೆ." ಮೊಹರು ಇನ್ನೂ ಗಾಳಿಯಲ್ಲೇ ಇತ್ತು. "ಒಂದೆರಡು ದಿನ ಬಿಟ್ಟು ಹಾಕಲಾ?"

"ಬೇಡ ಫೌಷೆ ಅವರೇ," ಅಂದಳು ಒಲೀಟಾ. "ಈಗಲೇ ಒತ್ತಿ."

ಮುದುಕ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಒತ್ತಿದ.